ನೂರ ನಲವತ್ತೊಂದು ದಿನದ ತೂತು

ಮರದಲ್ಲಿ ಒಂದು ತೂತು ಮಾಡುವುದಕ್ಕೆ ಮರಕುಟಿಗನಿಗೆ ಒಂದು ಬೆಳಗು ಸಾಕು. ಇಲಿಗೆ ಎರಡು ದಿನ. ಗೆದ್ದಲು ಗುಂಪಿನಲ್ಲಿ ಬರುವುದರಿಂದ ತಲೆಗಿಷ್ಟು ಎಂದು ಹೇಳುವುದು ಕಷ್ಟ; ಒಂದು ವಾರ ಎಂದಿಟ್ಟುಕೊಳ್ಳೋಣ. ನಮ್ಮ ಸೋದರಮಾವನಿಗೆ ಮಾತ್ರ ನೂರ ನಲವತ್ತೊಂದು ದಿನ ಬೇಕಾಯಿತು!

ಇದು ಬಾಯಿಗೆ ಬಂದ ಸಂಖ್ಯೆಯಲ್ಲ. ನಾನು ಹಂಚಿನ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ. ಸುಟ್ಟು ಹೊರಬಂದ ಹಂಚು ಎಷ್ಟು, ಅದರಲ್ಲಿ ಒಡೆದದ್ದು ಎಷ್ಟು ಎಂದು ಬರೆದಿಡುವುದು ನನ್ನ ಕೆಲಸ. ಸಂಜೆ ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿ ಒಡೆದದ್ದನ್ನು ದಿನಚರಿಯಲ್ಲಿ ಬರೆಯುತ್ತೇನೆ. ಮಾವ ಇರುವ ಮನೆಯಲ್ಲಿ ಕಾರ್ಖಾನೆಗಿಂತ ಈ ಕೆಲಸವೇ ಹೆಚ್ಚು. ಬೊಂತೆಲ್ ತಿಂಗಳ ಮೂರರಿಂದ ಮಾಯಿ ತಿಂಗಳ ಇಪ್ಪತ್ತೈದರವರೆಗೆ, ನಮ್ಮ ತುಳು ತಿಂಗಳುಗಳ ಲೆಕ್ಕದಲ್ಲಿ, ದಿನಕ್ಕೊಂದು ಗೀಟು ಎಳೆದು ಎಣಿಸಿದ್ದೇನೆ. ನಾಲ್ಕು ಗೀಟಿಗೆ ಒಂದು ಅಡ್ಡಗೀಟು. ಬೇಕಾದವರು ಬಂದು ನೋಡಬಹುದು.

ಮಾವನೂ ಅದೇ ಕಾರ್ಖಾನೆಯಲ್ಲಿ ದುಡಿಯುವವರು. ಯಂತ್ರಗಳಿಗೆ ಎಣ್ಣೆ ಹಾಕುವುದು ಅವರ ಉದ್ಯೋಗ. ಇದರಿಂದ ತನಗೆ ಯಂತ್ರಗಳ ಒಳಗುಟ್ಟೆಲ್ಲ ತಿಳಿದಿದೆ ಎಂಬುದು ಅವರ ನಂಬಿಕೆ. ಎಣ್ಣೆ ಹಾಕಿದವನೆಲ್ಲ ಯಂತ್ರ ಬಲ್ಲವನಾದರೆ, ತಲೆಗೆ ಎಣ್ಣೆ ಹಾಕಿಕೊಂಡವನೆಲ್ಲ ವಿದ್ವಾಂಸನಾಗಬೇಕಿತ್ತು!

ಈ ತೂತು ಯಾಕೆ ಬೇಕಾಯಿತು ಎಂದು ಹೇಳಬೇಕಾದರೆ ಮೊದಲು ನಮ್ಮ ಅಜ್ಜಿಯ ಕಿವಿಯ ವಿಷಯ ಹೇಳಬೇಕು.

ಮಂಗಳೂರಿನ ಕುದ್ರೋಳಿಯ ಓಣಿಯೊಂದರಲ್ಲಿ ನಮ್ಮ ಮನೆ. ಅಜ್ಜಿ, ಅಮ್ಮ, ಅಮ್ಮನ ತಮ್ಮನಾದ ಈ ಮಾವ, ಮತ್ತು ನಾನು. ಕಡಲಿನ ಮನೆತನ. ಅಜ್ಜಿ ತನ್ನ ಕಾಲದಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು. ಈಗ ಎಂಬತ್ತರ ಹತ್ತಿರ. ಕಣ್ಣು ಗಿಡುಗನದು, ಕಿವಿ ಮಾತ್ರ ಇಲ್ಲ. ಪೂರ್ತಿ ಇಲ್ಲವೆಂದಲ್ಲ; ಕಿವಿಯ ಹತ್ತಿರ ನಿಂತು ದೋಣಿಯವರನ್ನು ಕರೆಯುವ ಹಾಗೆ ಕೂಗಿದರೆ ಕೇಳುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಅಜ್ಜಿಗೆ ಹೇಳಿದ ಮಾತೆಲ್ಲ ಓಣಿಗೆ ಹೇಳಿದ ಹಾಗೆ. ಒಂದು ಬೆಳಿಗ್ಗೆ ಅಮ್ಮ, “ಹೊಟ್ಟೆ ಸರಿ ಉಂಟಾ?” ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಉತ್ತರ ಕೊಡುವ ಮೊದಲೇ ಎದುರಿನ ಅಂಗಡಿಯ ಯಜಮಾನರಾದ ಬ್ಯಾರಿಗಳು ಒಂದು ತುಂಡು ಶುಂಠಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಿದ್ದರು!

ಇಂಥ ಮನೆಯಲ್ಲಿ ಮಾವನಿಗೆ ಅಜ್ಜಿಯೊಡನೆ ಮೆಲ್ಲಗೆ ಒಂದು ಮಾತು ಹೇಳಬೇಕಿತ್ತು.

ಎಂತ ಮಾತು? ಅದೇನೂ ಗುಟ್ಟಲ್ಲ. ಅಮ್ಮ ನನಗೆ ಹತ್ತು ಸಲ ಹೇಳಿದ್ದಾಳೆ. ಮಾವನಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಬೊಂಬಾಯಿಗೆ ಹೋಗುವ ಹುಚ್ಚು ಹಿಡಿಯಿತು. ಅಜ್ಜಿ ಬೇಡವೆಂದಳು, ದೋಣಿಗೆ ಹೋಗು, ಮನೆಯ ಬಲೆ ಹಿಡಿ ಎಂದಳು. ಎಂಟು ದಿನ ಓಣಿಗೆಲ್ಲ ಕೇಳುವಂತೆ ಜಗಳವಾಯಿತು. ಒಂಬತ್ತನೆಯ ದಿನ ಅಜ್ಜಿ ಅಂಗಳದಲ್ಲಿ ಒಣಮೀನು ಹರಡುತ್ತಿದ್ದಾಗ ಮಾವ ಗಂಟು ಹಿಡಿದುಕೊಂಡು ಬಂದು ಅವಳ ಮುಂದೆ ನಿಂತು, ಹಲ್ಲು ಕಚ್ಚಿಕೊಂಡು ಮೆಲ್ಲಗೆ, “ಇನ್ನು ನನ್ನ ಸ್ವರ ನಿನ್ನ ಕಿವಿಗೆ ಬೀಳುವುದಿಲ್ಲ. ಇದು ಸತ್ಯ” ಎಂದರಂತೆ. ಅಜ್ಜಿ ತಲೆಯೆತ್ತಿ ನೋಡಿ, “ಆಯ್ತು ಮಗಾ, ಹೋಗಿ ಬಾ” ಎಂದಳಂತೆ. ಅಷ್ಟೇ. ಮತ್ತೆ ಮೀನು ಹರಡಿದಳಂತೆ.

ಏಳು ವರ್ಷದ ಮೇಲೆ ಮಾವ ತಿರುಗಿ ಬಂದರು. ಹೊಸ್ತಿಲಲ್ಲಿ ನಿಂತು “ಅಪ್ಪೆ” ಎಂದು ಕರೆದರು. ಅಪ್ಪೆ ಎಂದರೆ ನಮ್ಮ ತುಳುವಿನಲ್ಲಿ ತಾಯಿ. ಅಜ್ಜಿ ತಿರುಗಿ ನೋಡಲಿಲ್ಲ. ಕಿವಿ ಹೋಗಿತ್ತು.

ಅಂದಿನಿಂದ ಮಾವನ ತಲೆಯಲ್ಲಿ ಒಂದೇ ವಿಚಾರ: ತನ್ನ ಮಾತು ತಾಗಿತು! ತಾನು ಆಡಿದ ಮಾತೇ ಅವಳ ಕಿವಿಯನ್ನು ತೆಗೆದುಕೊಂಡು ಹೋಯಿತು! ಅದಕ್ಕಿಂತಲೂ ಅವರನ್ನು ಸುಟ್ಟದ್ದು ಆ “ಹೋಗಿ ಬಾ.” “ಬೈದಿದ್ರೆ ಸರಿಯಿತ್ತು. ಅಷ್ಟು ಹೇಳಿದ್ದಕ್ಕೆ ‘ಹೋಗಿ ಬಾ’ ಅಂದಳಲ್ಲ, ಅಕ್ಕಾ. ಒಂದು ನಾಯಿಗೆ ಹೇಳಿದ ಹಾಗೆ!” ಎಂದು ಅಮ್ಮನ ಹತ್ತಿರ ವರ್ಷಕ್ಕೆ ನಾಲ್ಕು ಸಲ ಹೇಳುತ್ತಾರೆ. ವರ್ಷಕ್ಕೆ ನಾಲ್ಕು ಎಂಬುದೂ ನನ್ನ ಲೆಕ್ಕವೇ.

ಒಂದು ಸಲ ಕೂಗಿಯೂ ನೋಡಿದರು. ಆ ದಿನ ನಾನು ಮನೆಯಲ್ಲಿದ್ದೆ. ಅಜ್ಜಿಯ ಕಿವಿಯ ಬಳಿ ಬಗ್ಗಿ, ಕತ್ತಿನ ನರ ಉಬ್ಬಿಸಿ, ಕಣ್ಣು ಕೆಂಪು ಮಾಡಿ, “ನನ್ನಿಂದ ತಪ್ಪಾಯ್ತು!” ಎಂದು ಅಬ್ಬರಿಸಿದರು. ಕೂಗುವವನ ಮುಖವನ್ನು ನೀವು ನೋಡಿದ್ದೀರಾ? ತಪ್ಪೊಪ್ಪಿಕೊಳ್ಳುವವನ ಮುಖವೋ ಅದು? ಅಜ್ಜಿಗೆ ಮಾತು ಕೇಳಿತೋ ಇಲ್ಲವೋ, ಮುಖವಂತೂ ಕಂಡಿತು. ಮತ್ತೆ ಜಗಳಕ್ಕೆ ಬಂದ ಎಂದುಕೊಂಡು ಕೈಯಲ್ಲಿದ್ದ ಸೌಟು ಎತ್ತಿದಳು. ಓಣಿಯ ಆರು ಮಂದಿ ಬಿಡಿಸಲು ಓಡಿ ಬಂದರು. ಮಗ ತಪ್ಪೊಪ್ಪಿಕೊಂಡ ಕಾರಣಕ್ಕೆ ತಾಯಿ ನಾಲ್ಕು ದಿನ ಅವನಿಗೆ ಅನ್ನ ಬಡಿಸಲಿಲ್ಲ!

“ಅಮ್ಮನಿಂದ ಹೇಳಿಸಿ, ಮಾವ. ಇಲ್ಲದಿದ್ದರೆ ಕೈಸನ್ನೆ ಮಾಡಿ” ಎಂದೆ ನಾನು.

“ನಿನಗೆ ಗೊತ್ತಾಗುವುದಿಲ್ಲ ಮಾರಾಯ. ಆಡಿದ ಬಾಯಿಯೇ ಹಿಂದೆ ತೆಗೆದುಕೊಳ್ಳಬೇಕು. ಮೆಲ್ಲಗೆ ಆಡಿದ್ದು, ಮೆಲ್ಲಗೇ ತೆಗೆದುಕೊಳ್ಳಬೇಕು.”

ಇದು ಯಾವ ಶಾಸ್ತ್ರ ಎಂದು ಕೇಳಿದೆ. ಮಾವ ಎದ್ದು ಕಾರ್ಖಾನೆಗೆ ಹೊರಟರು.

ಕಳೆದ ಚೌತಿಗೆ ಅಜ್ಜಿ ಮೆಟ್ಟಿಲಿನಲ್ಲಿ ಕೂತವಳು ಏಳಲಾಗದೆ ಅಮ್ಮನನ್ನು ಕರೆದಳು. ಮಾವ ಅದನ್ನು ನೋಡಿದರು. ಅಂದಿನಿಂದ ಅವರ ಅವಸರ ಸುರುವಾಯಿತು. ಬಲ್ಮಠದಲ್ಲಿ ಇಗರ್ಜಿಯಿಂದ ಹೊರಬರುತ್ತಿದ್ದ ಒಬ್ಬ ಮುದಿ ದೊರೆಸಾನಿ ಕಿವಿಗೆ ಕೊಂಬಿನಂಥ ಏನನ್ನೋ ಹಿಡಿದು ಪಾದ್ರಿಗಳ ಮಾತು ಕೇಳುತ್ತಿದ್ದುದನ್ನು ಅವರು ಯಾವಾಗಲೋ ಕಂಡಿದ್ದರು. ವೈದ್ಯರನ್ನು ಕೇಳಿದರು. “ಸ್ವಲ್ಪ ಕಿವಿ ಉಂಟಲ್ಲ, ಅಂಥದ್ದು ಹಿಡಿದರೆ ಕೇಳೀತು. ಸೀಮೆಯಿಂದ ತರಿಸಬೇಕು” ಎಂದರು ಅವರು.

“ಸೀಮೆಯ ಕೊಂಬಿಗೆ ತುಳು ಬರ್ತದಾ?” ಎಂದು ಮಾವ ಎದ್ದು ಬಂದರು.

ತಗಡಿನದೊಂದು ಮಾಡಿಸಿ ನೋಡಿದರು. ಅದರೊಳಗಿಂದ ಕಡಲು ಮೊರೆದ ಹಾಗೆ ಕೇಳುತ್ತದೆ ಎಂದು ಅಜ್ಜಿ ಕಿತ್ತೆಸೆದಳು. ಆಗ ಮಾವ ತೀರ್ಮಾನಿಸಿದರು: ಮರದ್ದೇ ಆಗಬೇಕು. ಹಲಸಿನ ಮರ. ಮದ್ದಳೆಗೆ ಆಗುವ ಮರ ಮಾತಿಗೆ ಆಗದೆ ಇರುತ್ತದೆಯೇ? ಒಂದು ಗೇಣು ಉದ್ದ, ಒಂದೇ ತುಂಡು, ಉಮ್ಮತ್ತಿ ಹೂವಿನ ಆಕಾರ: ಬಾಯಿ ಅಗಲ, ಬುಡ ಸಪೂರ, ಒಳಗೆಲ್ಲ ಟೊಳ್ಳು. ಉಮ್ಮತ್ತಿಯ ಕಾಯಿ ತಿಂದು ಹುಚ್ಚು ಹಿಡಿದವರ ಲಕ್ಷಣ ಆಗಲೇ ಅವರ ಮುಖದಲ್ಲಿ ಕಾಣುತ್ತಿತ್ತು!

ಬೊಂತೆಲ್ ಮೂರು, ಭಾನುವಾರ. ಎತ್ತಿನ ಗಾಡಿಯಲ್ಲಿ ಯಂತ್ರ ಬಂದಿಳಿಯಿತು. ಬಂದರಿನ ಹತ್ತಿರ ಮುಚ್ಚಿಹೋದ ಒಂದು ಮರದ ಕೆಲಸದ ಶೆಡ್ಡಿನಲ್ಲಿದ್ದ ಹಳೆಯ ಲೇತು. ಬರಿಯ ಲೇತಲ್ಲ, ಸರ್ವಕಾರ್ಯ ಯಂತ್ರ! ಕಾಲಿನಿಂದ ಹಲಗೆ ತುಳಿದರೆ ಚಕ್ರ ತಿರುಗುತ್ತದೆ. ಚಕ್ರ ತಿರುಗಿದರೆ ಎಡತುದಿಯಲ್ಲಿ ಸಾಣೆಕಲ್ಲು, ನಡುವೆ ಮರ ಕಡೆಯುವ ಲೇತು, ಕೆಳಗೆ ಗರಗಸ, ಬೇಕಾದರೆ ಬೈರಿಗೆ, ಎಲ್ಲವೂ ನಡೆಯುತ್ತವೆ ಎಂದು ಮಾವ ಹೇಳಿದರು. ಎಲ್ಲ ಕೆಲಸ ಮಾಡುತ್ತೇನೆ ಎನ್ನುವವನು ಯಾವ ಕೆಲಸ ಮಾಡುತ್ತಾನೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಂತ್ರ ಜಗಲಿಯ ಮುಕ್ಕಾಲು ಪಾಲನ್ನು ಹಿಡಿಯಿತು. ಉಳಿದ ಕಾಲು ಪಾಲಿನಲ್ಲಿ ಅಜ್ಜಿಯ ಮಣೆ, ಮತ್ತು ನಾನು.

ಆ ದಿನದ ದಿನಚರಿಯಲ್ಲಿ ಎರಡು ಸಾಲುಗಳಿವೆ: “ಇವತ್ತು ಮನೆಗೆ ಯಂತ್ರ ಬಂತು. ಮಾವನಿಗೆ ತಲೆ ಕೆಟ್ಟಿದೆ.”

ಯಂತ್ರದ ಜೊತೆ ಒಂದು ಪುಸ್ತಕವೂ ಬಂದಿತ್ತು. ಯಾವ ಭಾಷೆಯೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ, ಚಿತ್ರಗಳಿದ್ದವು. ಒಳಗು ಕೊರೆಯುವ ಉದ್ದದ ಕೊಕ್ಕೆ ಉಳಿಯನ್ನು ಯಂತ್ರಕ್ಕೆ ಹೇಗೆ ಕೂಡಿಸಬೇಕು ಎಂಬುದಕ್ಕೂ ಒಂದು ಚಿತ್ರವಿತ್ತು. ಎಡಕ್ಕೆ ಮರ, ಬಲಕ್ಕೆ ಉಳಿ ಹಿಡಿದ ಮನುಷ್ಯ, ಅವೆರಡೂ ಸೇರುವ ಜಾಗದಲ್ಲಿ, ಸರಿಯಾಗಿ ಅಲ್ಲೇ, ಗೆದ್ದಲು ತಿಂದು ಹೋದ ತೂತು! ನಾನು ಆಗಲೇ ಹೇಳಲಿಲ್ಲವೇ? ಗೆದ್ದಲಿಗೆ ಇಂಥ ಕೆಲಸದಲ್ಲಿ ತಡವಿಲ್ಲ.

ಕೊಕ್ಕೆ ಉಳಿಯೂ ಯಂತ್ರದ ಜೊತೆ ಇರಲಿಲ್ಲ. ಮಾವ ಕಮ್ಮಾರನ ಹತ್ತಿರ ಒಂದು ಮೊಳ ಉದ್ದದ್ದು ಬಡಿಸಿಕೊಂಡು ಬಂದರು. ಮರದ ತುಂಡನ್ನು, ಅದರ ಎರಡು ತುದಿಗಳನ್ನು ಹಿಡಿಯುವ ಯಂತ್ರದ ಎಡತಲೆ ಮತ್ತು ಬಲತಲೆಯ ನಡುವೆ ಬಿಗಿದರು. ತುಳಿದರು. ಹೊರಮೈ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಆಮೇಲೆ ಉಳಿ ಹಿಡಿದುಕೊಂಡು ನಿಂತರು. ನಿಂತೇ ಇದ್ದರು. ಒಳಗೆ ಕೊರೆಯಬೇಕಾದ ಬಾಯಿಗೆ ಬಲತಲೆ ಬೂಚಿನ ಹಾಗೆ ಅಡ್ಡ ಕೂತಿದೆ, ಉಳಿಯನ್ನು ಎಲ್ಲಿಂದ ತೂರಿಸುವುದು? ಮೇಲಿನಿಂದ ನೋಡಿದರು, ಕೆಳಗಿನಿಂದ ನೋಡಿದರು, ಒಂದು ದಿನ ಮಲಗಿಯೂ ನೋಡಿದರು.

ಹತ್ತೊಂಬತ್ತನೆಯ ದಿನ ಅಮ್ಮ ಬಟ್ಟೆ ಒಣಹಾಕಲು ಬಂದವಳು, “ತಮ್ಮಾ, ಆ ಬಲದ್ದನ್ನು ತೆಗೆದರೆ ಆಗುವುದಿಲ್ವಾ?” ಎಂದಳು.

ಮಾವ ಅವಳನ್ನು ಬಹಳ ಹೊತ್ತು ನೋಡಿದರು. “ಅದನ್ನೇ ಎಣಿಸ್ತಾ ಇದ್ದೆ, ಅಕ್ಕಾ” ಎಂದರು. ಹತ್ತೊಂಬತ್ತು ದಿನ ಎಣಿಸಿದ್ದರು!

ಬಲತಲೆ ತೆಗೆದ ಮೇಲೆ ಮರ ಎಡದ ಒಂದೇ ತುದಿಯಲ್ಲಿ ನೇತಾಡಿ ಕುಣಿಯತೊಡಗಿತು. ಆಗ ಮಾವನಿಗೆ ಹೊಸ ಬುದ್ಧಿ ಹೊಳೆಯಿತು. ಇದು ಸರ್ವಕಾರ್ಯ ಯಂತ್ರವಲ್ಲವೇ? ಮರ ಯಾಕೆ ತಿರುಗಬೇಕು, ಉಳಿಯೇ ತಿರುಗಲಿ! ಕೊಕ್ಕೆ ಉಳಿಯನ್ನೇ ಚಕ್ರಕ್ಕೆ ಬಿಗಿದು, ಮರವನ್ನು ಎರಡು ಕೈಯಲ್ಲಿ ಹಿಡಿದು ತುಳಿಯತೊಡಗಿದರು. ಜಾರ್ದೆ ತಿಂಗಳ ಎಂಟು, ಶನಿವಾರ. ಕೊಕ್ಕೆ ಮರವನ್ನು ಮುಟ್ಟಲೇ ಇಲ್ಲ. ಸೊಂಟದ ಮುಂಡಿನ ತುದಿಯನ್ನು ಹಿಡಿಯಿತು. ಮಾವ ಗಾಬರಿಯಲ್ಲಿ ತುಳಿಯುವುದನ್ನು ನಿಲ್ಲಿಸುವ ಬದಲು ಜೋರು ಮಾಡಿದರು. ಮೂರು ಸುತ್ತಿನಲ್ಲಿ ಇಡೀ ಮುಂಡು ಯಂತ್ರಕ್ಕೆ ನೀಟಾಗಿ ಸುತ್ತಿಕೊಂಡಿತು. ಮಾವ ಲಂಗೋಟಿಯಲ್ಲಿ ನಿಂತಿದ್ದರು. ಮೂಲೆಯ ಮಣೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಅಜ್ಜಿ, ಕಿವುಡರಿಗೆ ಸಹಜವಾದ ಸ್ವರದಲ್ಲಿ, “ಅಯ್ಯೋ, ಮಗನ ಮುಂಡನ್ನು ಯಂತ್ರ ತಿಂದಿತು!” ಎಂದು ಓಣಿಗೆ ಸಾರಿದಳು.

ಆಮೇಲೆ ಉಳಿ ಹಾರುವ ಕಾಲ ಬಂತು. ಮರವನ್ನು ಮತ್ತೆ ಎಡತಲೆಗೆ, ಈ ಸಲ ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಮುಂದೆ ಉಳಿ ಊರುವುದಕ್ಕೆ ಕಬ್ಬಿಣದ ಒಂದು ಕಟ್ಟೆ. ಉಳಿಯ ಬಾಯಿ ಮರದ ನಟ್ಟನಡುವಿನ ಎತ್ತರಕ್ಕೆ ಬರಬೇಕು. ಒಂದು ನೂಲಿನಷ್ಟು ಕೆಳಗಾದರೂ ಮರ ಕಚ್ಚಿಕೊಂಡು ಎಳೆಯುತ್ತದೆ. ಒಳಗೆ ಹೋದಷ್ಟೂ ಉಳಿ ಕಟ್ಟೆಯಿಂದ ದೂರವಾಗುತ್ತದೆ, ದೂರವಾದಷ್ಟೂ ನಡುಗುತ್ತದೆ. ಇದೆಲ್ಲ ಮಾವನೇ ನನಗೆ ವಿವರಿಸಿದ್ದು. ವಿವರಿಸಿ, “ಈಗ ನೋಡು” ಎಂದರು. ಉಳಿ ಕೈಯಿಂದ ಹಾರಿ, ಅಂಗಳ ದಾಟಿ, ಓಣಿ ದಾಟಿ ಹೋಯಿತು. ನೋಡಿದೆ.

ಐದು ನಿಮಿಷದ ಮೇಲೆ ಬ್ಯಾರಿಗಳು ಅದನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಬಂದರು. “ಮಾರಾಯ್ರೆ, ನಿಮ್ಮ ಉಳಿ ನಮ್ಮ ಅಂಗಡಿಗೆ ಬಂದಿತ್ತು. ಎಂತ ಬೇಕು ಅಂತ ಕೇಳಿದೆ, ಮಾತಾಡ್ಲಿಲ್ಲ. ಬಾಳೆಗೊನೆಯಲ್ಲಿ ಕೂತಿತ್ತು.”

“ಯಾರಿಗಾದರೂ ತಾಗಿತಾ?” ಎಂದು ಮಾವ ಮುಖ ಸಣ್ಣದು ಮಾಡಿದರು.

“ಇಲ್ಲ. ನಾನು ಆಗ ಬಗ್ಗಿ ಬೆಲ್ಲ ತೂಗ್ತಾ ಇದ್ದೆ. ದೇವರು ದೊಡ್ಡವನು, ಬೆಲ್ಲ ತೆಗೆದುಕೊಂಡವನೂ ದೊಡ್ಡವನು.” ಹೋಗುವಾಗ ಯಂತ್ರದ ಕಡೆ ನೋಡಿ, “ಅಮ್ಮನ ಕಿವಿಗಾ ಇದು? ಅವರ ಕಿವಿ ಸರಿಯಾಗುವಷ್ಟರಲ್ಲಿ ಓಣಿಯವರದ್ದು ಹೋಗ್ತದೆ” ಎಂದರು. ಯಂತ್ರ ಕಿರುಗುಡುತ್ತಿದ್ದ ಬಗೆಗೆ ಅದು ನ್ಯಾಯವಾದ ಮಾತೇ.

ನೂರನೆಯ ದಿನ ನಾನು ಲೆಕ್ಕ ಕಟ್ಟಿದೆ. ಹಾಳಾದ ಹಲಸಿನ ತುಂಡು ಇಪ್ಪತ್ತಮೂರು. ಉಳಿ ಹಾರಿದ್ದು ಹನ್ನೊಂದು ಸಲ: ತೆಂಗಿನ ಬುಡಕ್ಕೆ ಐದು, ಬಾವಿಗೆ ಮೂರು, ಬಾಳೆಗೊನೆಗೆ ಒಂದು, ಉಪ್ಪಿನಕಾಯಿಯ ಭರಣಿಗೆ ಒಂದು, ಒಂದು ಇನ್ನೂ ಸಿಕ್ಕಿಲ್ಲ. ಅಜ್ಜಿಯ ಕಿವಿಗೆ ಬಿದ್ದ ಮಾತು: ಸೊನ್ನೆ. ಇದನ್ನು ಮಾವನ ಮುಂದೆ ಗಟ್ಟಿಯಾಗಿ ಓದಿದೆ. ಓದಬಾರದಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಮಾವ ಬೆರಳಿಗೆ ಚಿಂದಿ ಸುತ್ತಿಕೊಳ್ಳುತ್ತ ಕೇಳಿದರು.

“ಬೆರಳಿನ ಗಾಯ ಬರೆಯಲಿಲ್ವಾ?”

“ಒಂಬತ್ತು.”

“ಹತ್ತು, ಮಾರಾಯ. ಇದೂ ಸೇರಿಸು.”

ಮರುವಾರ ಅಜ್ಜಿ ಜ್ವರ ಹಿಡಿದು ಮಲಗಿದಳು. ವೈದ್ಯರು ಬಂದು ಹೋದರು. ಮುದುಕಿಯ ಎದೆಯಲ್ಲಿ ಕಫ ಕಟ್ಟಿದೆ, ಹೇಳಲಾಗುವುದಿಲ್ಲ ಎಂದರು. ಎಂಟು ದಿನ ಅಮ್ಮ ಅವಳ ಬಳಿಯಿಂದ ಏಳಲಿಲ್ಲ. ಮಾವನೋ? ಕಾರ್ಖಾನೆಗೆ ರಜೆ ಹಾಕಿದರು, ಸರಿ. ತಾಯಿಯ ತಲೆದೆಸೆಯಲ್ಲಿ ಕೂತರೇ? ಇಲ್ಲ! ಜಗಲಿಯಲ್ಲಿ ಯಂತ್ರ ತುಳಿಯುತ್ತ ನಿಂತರು. ಬೆಳಗಿನಿಂದ ಸಂಜೆಯವರೆಗೆ ಕಿರ್ ಕಿರ್ ಕಿರ್. ನನಗೆ ರೇಗಿತು.

“ಒಳಗೆ ಅಜ್ಜಿ ಹಾಗೆ ಮಲಗಿದ್ದಾಳೆ, ಇಲ್ಲಿ ನಿಮ್ಮ ಆಟವಾ?”

ಮಾವ ತುಳಿಯುವುದನ್ನು ನಿಲ್ಲಿಸಲಿಲ್ಲ. “ಅವಳು ಹೋಗುವುದರೊಳಗೆ ಆಗಬೇಕು” ಎಂದರು. ಅಷ್ಟರಲ್ಲಿ ಉಳಿ ಕಚ್ಚಿ ಇಪ್ಪತ್ತೇಳನೆಯ ತುಂಡು ಎರಡಾಗಿ ಸೀಳಿತು. ನಾನು ಒಳಗೆ ಹೋಗಿ ಬರೆದುಕೊಂಡೆ.

ಅಜ್ಜಿ ಹೋಗಲಿಲ್ಲ. ಒಂಬತ್ತನೆಯ ದಿನ ಗಂಜಿ ಕೇಳಿದಳು. ಹನ್ನೆರಡನೆಯ ದಿನ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು ತನ್ನ ಮಣೆಯಲ್ಲಿ ಕೂತಳು. ಮಾವನ ಕಡೆ, ಯಂತ್ರದ ಕಡೆ, ನಡುಗುವ ಉಳಿಯ ಕಡೆ ಬಹಳ ಹೊತ್ತು ನೋಡಿದಳು. ಆಮೇಲೆ ಅಮ್ಮನಿಗೆ ಕೈಸನ್ನೆ ಮಾಡಿ ಅಡಿಗೆಮನೆಯಿಂದ ತನ್ನ ತುರಿಮಣೆಯನ್ನು ತರಿಸಿದಳು. ಅವಳ ಮದುವೆಯ ಕಾಲದ ತುರಿಮಣೆ. ಹಲಗೆ ಸವೆದು ನಡುವೆ ತಗ್ಗಾಗಿದೆ, ತುದಿಯಲ್ಲಿ ಹಾವಿನ ಹೆಡೆಯಂತೆ ಬಾಗಿದ ಕಬ್ಬಿಣ, ಹೆಡೆಯ ಸುತ್ತ ಹಲ್ಲು.

“ಇಷ್ಟು ದೊಡ್ಡ ತುರಿಮಣೆ ಎಂತಕ್ಕೆ ಮಾಡ್ತಿ ಮಗಾ? ಕಾಯಿ ತುರಿಯುವುದಕ್ಕೆ ಇದು ಸಾಲದಾ?” ಎಂದು ಓಣಿಗೆ ಕೇಳುವಂತೆ ಕೇಳಿದಳು.

ನಾಲ್ಕು ತಿಂಗಳಿನಿಂದ ಅವಳು ತಿಳಿದುಕೊಂಡದ್ದು ಅದು! ಮಗ ಸಣ್ಣ ಸಣ್ಣ ಮರದ ಬುರುಡೆಗಳ ಒಳಗನ್ನು ಕೆರೆಯುತ್ತಿದ್ದಾನೆ. ಅಕ್ಕನ ಕಷ್ಟ ನೋಡಲಾರದೆ ಕಾಯಿ ತುರಿಯುವ ಯಂತ್ರ ಮಾಡುತ್ತಿದ್ದಾನೆ. ಪಾಪ, ಬುದ್ಧಿ ಸಾಲದು.

ತುರಿಮಣೆಯನ್ನು ನೆಲಕ್ಕಿಟ್ಟು ಅದರ ಮೇಲೆ ಕೂತಳು. ಒಂದು ತೆಂಗಿನ ಹೋಳನ್ನು ಹೆಡೆಗೆ ಹಿಡಿದಳು. “ನೋಡು. ಕಬ್ಬಿಣವನ್ನು ಕೈಯಲ್ಲಿ ಹಿಡಿದರೆ ನಿಲ್ತದಾ? ಮೇಲೆ ಕೂತ್ಕೊಳ್ಬೇಕು. ಭಾರ ಹಾಕ್ಬೇಕು.” ಚರ ಚರ ಎಂದು ಹೋಳು ತಿರುಗಿತು, ತುರಿ ಉದುರಿತು, ಹೆಡೆ ಅಲ್ಲಾಡಲಿಲ್ಲ.

ಮಾವ ಬಾಯಿ ತೆರೆದುಕೊಂಡು ನಿಂತಿದ್ದರು. ಹೋಳಿನ ಒಳಗನ್ನು ನೋಡಿದರು. ಅದು ಟೊಳ್ಳಾಗಿತ್ತು, ನುಣ್ಣಗೆ, ಉರುಟಾಗಿ, ಒಂದೂ ಸೀಳಿಲ್ಲದೆ. ಮಂಗಳೂರಿನ ಎಲ್ಲ ಮನೆಯಲ್ಲಿ ದಿನಾ ಬೆಳಿಗ್ಗೆ ಹೆಂಗಸರು ಇದೇ ಕೆಲಸ ಮಾಡುತ್ತಾರೆ. ಇವರು ಕಮ್ಮಾರನ ಮನೆಗೆ ಹೋಗಿದ್ದರು!

ಆ ದಿನವೇ ತುರಿಮಣೆಯ ಹಲ್ಲುಗಳನ್ನು ಸಾಣೆಗೆ ಹಿಡಿದು ಉಜ್ಜಿ ಬಾಯಿಯನ್ನು ಹರಿತ ಮಾಡಿದರು. ಅಮ್ಮ “ಅಯ್ಯೋ” ಎನ್ನುವಷ್ಟರಲ್ಲಿ ಹಲ್ಲು ಹೋಗಿತ್ತು. ಇದರ ಪರಿಣಾಮ ನಿಮಗೆ ಗೊತ್ತಾಗಬೇಕಾದರೆ ನೀವು ಈ ಊರಿನವರಾಗಿರಬೇಕು. ಕಾಯಿತುರಿ ಇಲ್ಲದೆ ಇಲ್ಲಿ ಮೀನಿನ ಸಾರೂ ಇಲ್ಲ, ಪಲ್ಯವೂ ಇಲ್ಲ, ಚಟ್ನಿಯೂ ಇಲ್ಲ. ಹದಿನಾಲ್ಕು ದಿನ ಗಂಜಿ, ಒಣಮೀನು, ಉಪ್ಪಿನಕಾಯಿ. ಉಪ್ಪಿನಕಾಯಿಯಲ್ಲಿ ಉಳಿ ಬಿದ್ದ ಭರಣಿಯದ್ದೇ.

ಕೊನೆಗೆ ಉಳಿ ಕೂಡಿತು. ಹೇಗೆ ಎಂದು ಹೇಳಿದರೆ ನೀವು ನಂಬಲಾರಿರಿ. ತುರಿಮಣೆಯನ್ನು ಹಲಗೆ ಸಹಿತ ಯಂತ್ರದ ಹಾಸಿನ ಮೇಲೆ ಇಟ್ಟರು, ಹೆಡೆಯ ಬಾಯಿ ಮರದ ನಡುವಿನ ಎತ್ತರಕ್ಕೆ ಬರುವಂತೆ ಕೆಳಗೆ ಎರಡು ಹಂಚಿನ ಚೂರು ಕೊಟ್ಟರು, ಆಮೇಲೆ ಮುಂಡು ಎತ್ತಿ ಕಟ್ಟಿ, ಕುದುರೆ ಏರಿದ ಹಾಗೆ ಯಂತ್ರವನ್ನೇರಿ ತುರಿಮಣೆಯ ಮೇಲೆ ಕೂತರು! ಅಮ್ಮ ಕೆಳಗೆ ನಿಂತು ತುಳಿದಳು. ಮಾವ ಹಲಗೆಯನ್ನು ಕೂತಲ್ಲಿಂದಲೇ ಎಳ್ಳಷ್ಟು ಎಳ್ಳಷ್ಟು ಮುಂದೆ ಜಾರಿಸಿದರು. ಹೆಡೆ ಮರದ ಬಾಯಿಯೊಳಗೆ ಹೊಕ್ಕಿತು. ನಡುಗಲಿಲ್ಲ. ಕಚ್ಚಲಿಲ್ಲ. ಕಾಯಿತುರಿಯ ಹಾಗೆ ಹಳದಿ ಹಲಸಿನ ಹೊಟ್ಟು ಉದುರಿತು. ಉಳಿಯನ್ನು ಯಂತ್ರಕ್ಕೆ ಕೂಡಿಸಲು ಇಷ್ಟು ದಿನ ಯಾಕೆ ಬೇಕಾಯಿತು ಎಂದು ಆಗ ನನಗೆ ಅರ್ಥವಾಯಿತು. ಯಂತ್ರದ ಮೇಲೆ ಕೂಡಿಸಬೇಕಾದದ್ದು ಉಳಿಯನ್ನಲ್ಲ, ಮಾವನನ್ನು!

ಬ್ಯಾರಿಗಳು ಅಂಗಡಿಯಿಂದಲೇ, “ಸವಾರಿ ಎಲ್ಲಿಗೆ ಮಾರಾಯ್ರೆ?” ಎಂದು ಕೂಗಿದರು.

ಮಾಯಿ ಇಪ್ಪತ್ತೈದು, ಭಾನುವಾರ. ಬುಡದ ಸಪೂರ ತೂತನ್ನು ಬೈರಿಗೆಯಲ್ಲಿ ಕೊರೆದು ಮುಗಿಸಿದರು. ನೂರ ನಲವತ್ತೊಂದು. ಕೊಂಬು ನೋಡಲು ಚೆನ್ನಾಗಿರಲಿಲ್ಲ. ಒಂದು ಬದಿ ದಪ್ಪ, ಒಂದು ಬದಿ ತೆಳು, ಬಾಯಿಯಲ್ಲಿ ಒಂದು ಸೀಳು, ಸೀಳಿಗೆ ಅರಗು. ಮಾವ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಅದನ್ನು ಎರಡು ಕೈಯಲ್ಲಿ ಹಿಡಿದು ಅಜ್ಜಿಯ ಮುಂದೆ ಕೂತರು. ಅಜ್ಜಿ ಅದನ್ನು ತೆಗೆದುಕೊಂಡು ತಿರುವಿ ನೋಡಿ, ಪಕ್ಕದ ಮೊರದಿಂದ ಒಂದು ಹಿಡಿ ಅಕ್ಕಿ ಅದರಲ್ಲಿ ಹಾಕಿದಳು. ಅಕ್ಕಿ ಬುಡದಿಂದ ಸುರಿದುಹೋಯಿತು. “ತೂತು ಉಂಟಲ್ಲ ಮಗಾ!” ಎಂದು ಕನಿಕರದಿಂದ ಕೂಗಿದಳು.

ನೂರ ನಲವತ್ತೊಂದು ದಿನ ಮಾಡಿದ ತೂತಿಗೆ ಸಿಕ್ಕಿದ ಮೊದಲ ಮೆಚ್ಚುಗೆ!

ಮಾವ ಸಪೂರ ತುದಿಯನ್ನು ಮೆಲ್ಲಗೆ ಅವಳ ಕಿವಿಗಿಟ್ಟರು. ಅಜ್ಜಿ ಬೆಚ್ಚಿದಳು. ಕಣ್ಣು ದೊಡ್ಡದು ಮಾಡಿ ಅಲ್ಲಾಡದೆ ಕೂತಳು. ಅಂಗಳದಲ್ಲಿ ಒಂದು ಕಾಗೆ ಕೂಗಿತು.

“ಕಾಗೆ!” ಎಂದಳು ಅಜ್ಜಿ. “ಇದು ಇನ್ನೂ ಹಾಗೇ ಕೂಗ್ತದಾ?”

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಕೊಂಬಿನ ಬಾಯಿಗೆ ಬಾಯಿಟ್ಟರು. ಪಕ್ಕದಲ್ಲಿದ್ದ ನನಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದರು.

“ಅಪ್ಪೆ, ಬೊಂಬಾಯಿಗೆ ಹೋದ ದಿನ ನಾನು ಹೇಳಿದ್ದನ್ನು ಹಿಂದೆ ತೆಗೆದುಕೊಂಡೆ.”

ಅಜ್ಜಿ ಕೊಂಬನ್ನು ಕಿವಿಯಿಂದ ತೆಗೆಯದೆಯೇ ಕೇಳಿದಳು, “ಎಂತ ಹೇಳಿದ್ದೆ?”

ಮಾವ ನಮ್ಮ ಮುಖ ನೋಡಿದರು.

“ಆ ದಿನ ನನಗೆ ಎಲ್ಲಿ ಕೇಳ್ತಿತ್ತು ಮಗಾ? ಕಿವಿ ಹೋಗಿ ಆಗಲೇ ಒಂದು ಮಳೆಗಾಲ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಕಿವುಡಿ ಅಂತ ಗೊತ್ತಾದ್ರೆ ಮೀನು ಕೊಳ್ಳುವವರು ಬಿಡ್ತಾರಾ? ಬೆರಳು ನೋಡಿ, ಬಾಯಿ ನೋಡಿ ವ್ಯಾಪಾರ ಮಾಡ್ತಿದ್ದೆ. ನೀನು ಗಂಟು ಹಿಡಿದುಕೊಂಡು ಎದುರು ನಿಂತೆ, ತುಟಿ ಅಲ್ಲಾಡಿತು. ಹೊರಡುವ ಮಗ ಎಂತ ಹೇಳ್ತಾನೆ? ‘ಹೋಗಿ ಬರ್ತೇನೆ’ ಅಂತ ಹೇಳ್ತಾನೆ. ‘ಹೋಗಿ ಬಾ’ ಅಂದೆ.” ಇಷ್ಟನ್ನೂ ಅವಳು ತನ್ನ ಎಂದಿನ ಸ್ವರದಲ್ಲೇ ಹೇಳಿದಳು. ಎದುರಿನ ಅಂಗಡಿಯಲ್ಲಿ ತಕ್ಕಡಿಯ ಸದ್ದು ನಿಂತಿತು. “ನೀನೇ ಹೇಳಿದ್ದಲ್ಲವಾ, ಬರ್ತೇನೆ ಅಂತ? ಹಾಗಾಗಿ ಕಾದೆ. ಏಳು ವರ್ಷ ಆದ್ರೂ ಬಂದೆಯಲ್ಲ.”

ಮಾವ ಅವಳ ಮಣೆಯ ಪಕ್ಕದಲ್ಲಿ, ಚೆಲ್ಲಿದ ಅಕ್ಕಿಯ ಮೇಲೆಯೇ ಕೂತು, ತಲೆಯನ್ನು ಅವಳ ಮೊಣಕಾಲಿಗೆ ಇಟ್ಟರು. ಅಜ್ಜಿ ಒಂದು ಕೈಯಲ್ಲಿ ಕೊಂಬು ಹಿಡಿದುಕೊಂಡು, ಇನ್ನೊಂದು ಕೈಯಿಂದ ಅವರ ಕೂದಲಿನಲ್ಲಿ ಸಿಕ್ಕಿದ್ದ ಹಲಸಿನ ಹೊಟ್ಟನ್ನು ಒಂದೊಂದಾಗಿ ಹೆಕ್ಕಿದಳು. ಎಷ್ಟು ಹೆಕ್ಕಿದಳು ಎಂದು ನಾನು ಎಣಿಸಲಿಲ್ಲ.

ಆಮೇಲೆ ಅಮ್ಮನ ಸರದಿ. ಅಮ್ಮ ಏನೋ ಹೇಳಿ ನಗಿಸಿದಳು. ಆಮೇಲೆ ಅಜ್ಜಿ ಕೊಂಬಿನ ಬಾಯಿಯನ್ನು ನನ್ನ ಕಡೆ ತಿರುಗಿಸಿದಳು. ನನಗೆ ಹೇಳಲು ಏನೂ ಹೊಳೆಯಲಿಲ್ಲ. ಕೂಗುವುದಕ್ಕೆ ಬೇಸರಪಟ್ಟು ನಾನು ಅವಳೊಡನೆ ಮಾತಾಡುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ಆ ಲೆಕ್ಕ ಮಾತ್ರ ನನ್ನ ದಿನಚರಿಯಲ್ಲಿ ಎಲ್ಲಿಯೂ ಇಲ್ಲ.

“ದಿನಾ ಈ ಮೂಲೆಯಲ್ಲಿ ಕೂತು ಬರೀತಿಯಲ್ಲ, ಅದನ್ನು ಓದು” ಎಂದಳು.

ಪುಸ್ತಕ ತಂದು ಬೊಂತೆಲ್ ಮೂರರ ಪುಟ ತೆರೆದೆ. ಕೊಂಬಿನ ಬಾಯಿಗೆ ಬಗ್ಗಿ, “ಇವತ್ತು ಮನೆಗೆ ಯಂತ್ರ ಬಂತು” ಎಂದು ಮೆಲ್ಲಗೆ ಓದಿದೆ.

“ಮತ್ತೆ?” ಎಂದಳು ಅಜ್ಜಿ.

ಎರಡನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಮಾವನ ಕಡೆ ನೋಡಿದೆ. ಅವರು ಅವಳ ಮೊಣಕಾಲಿನಿಂದ ತಲೆ ಎತ್ತಿರಲಿಲ್ಲ. ಹತ್ತು ಗಾಯದ ಕೈ ಅವಳ ಪಾದದ ಮೇಲಿತ್ತು.

“ಮಾವ ಕೆಲಸ ಸುರು ಮಾಡಿದರು” ಎಂದೆ.

ಬರೆಯದೆ ಇದ್ದುದನ್ನು ನಾನು ಓದಿದ್ದು ಅದೇ ಮೊದಲ ಸಲ.